ಕನಜಾವಾದಲ್ಲಿ ಸೀಳಿದ ಮೆತ್ತೆ

ಒಸಾಕಾ ವಿಮಾನ ನಿಲ್ದಾಣ

ಸುಂಕದ ಅಧಿಕಾರಿ ನನ್ನ ಎರಡಂತಸ್ತಿನ ಸ್ಟೀಲ್ ಡಬ್ಬಿಯನ್ನು ಬಿಚ್ಚಿ ಮೇಜಿನ ಮೇಲೆ ಬಿಡಿಬಿಡಿಯಾಗಿ ಇಟ್ಟ. ಮೇಲಿನದರಲ್ಲಿ ನೀರು, ನೀರಿನಲ್ಲಿ ಮುಳುಗಿದ್ದ ಆರು ಬಿಲ್ಲೆಗಳು. ಅಂಗೈ ಅಗಲ, ಬೆರಳು ದಪ್ಪ, ತೆಳು ಮಜ್ಜಿಗೆಯ ಬಣ್ಣ. ಕೆಳಗಿನದರಲ್ಲಿ ಕಡಕ್ ಜೋಳದ ರೊಟ್ಟಿ, ಪಕ್ಕದಲ್ಲಿ ಪೊಟ್ಟಣ ಕಟ್ಟಿದ ಶೇಂಗಾ ಚಟ್ನಿಪುಡಿ. ಕೈಗವಸು ಹಾಕಿದ ಬೆರಳಿನಿಂದ ಅವನು ರೊಟ್ಟಿಯನ್ನು ಟಕಟಕ ಬಡಿದು ನೋಡಿ, "ಪ್ರಯೋಗಕ್ಕೆ ತಂದ ವಸ್ತು ಇದೇ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಮೇಲೆ ಬಿಲ್ಲೆಗಳ ಕಡೆ ತೋರಿಸಿ, "ಇದು ತಿನ್ನುವುದು?"

ಉಲ್ಟಾ ಆಗಿದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು. ಅವನು ಒಂದು ಬಿಲ್ಲೆಯನ್ನು ಮೆಲ್ಲಗೆ ಒತ್ತಿದ, ಅದು ಅಲುಗಾಡಿತು. "ಪುರುಪುರು" ಎಂದು ತನ್ನಷ್ಟಕ್ಕೆ ಹೇಳಿಕೊಂಡ; ಹಾಗೆ ಅಲುಗಾಡುವುದಕ್ಕೆ ಅವರ ಮಾತಂತೆ. ಮುಚ್ಚಳ ಹಾಕಿ, ಡಬ್ಬಿಗೋ ನನಗೋ ತಿಳಿಯದಂತೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಮುಟ್ಟಿದ್ದಕ್ಕೆ ಕ್ಷಮೆ ಕೇಳಿದ. ಸರಕಾರದ ಸಮವಸ್ತ್ರ ತೊಟ್ಟವರೊಬ್ಬರು ನನ್ನ ಸಾಮಾನು ಮುಟ್ಟಿದ್ದಕ್ಕೆ ಕ್ಷಮೆ ಕೇಳಿದ್ದು ನನ್ನ ನಲವತ್ತೇಳು ವರ್ಷಗಳಲ್ಲಿ ಅದೇ ಮೊದಲು. ಡಬ್ಬಿ ಎತ್ತಿಕೊಂಡು ಹೊರಡುವುದನ್ನೇ ಮರೆತು ನಿಂತುಬಿಟ್ಟೆ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆ ಬಿಲ್ಲೆಗಳನ್ನು ಇಂಗ್ಲಿಷಿನಲ್ಲಿ ಹೈಡ್ರೋಜೆಲ್ ಎನ್ನುತ್ತಾರೆ. ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ನೆನೆಸಿದರೆ ಅದರ ಸುತ್ತ ಲೋಳೆಯ ಒಂದು ಉಂಡೆ ಕಟ್ಟಿಕೊಳ್ಳುತ್ತದಲ್ಲ, ಅದೇ ಜಾತಿ. ಬಹುಪಾಲು ನೀರು. ಆ ನೀರನ್ನು ಹಿಡಿದಿಡಲು ಕಣ್ಣಿಗೆ ಕಾಣದ ಎಳೆಗಳ ಒಂದು ಬಲೆ. ಕೃತಕ ಕಾಲಿನ ಗಟ್ಟಿ ಬಟ್ಟಲಿಗೂ ಮೊಂಡುಗಾಲಿನ ಚರ್ಮಕ್ಕೂ ನಡುವೆ ಇಡಬಹುದಾದ ಒಂದು ತಂಪು ಮೆತ್ತೆಯನ್ನು ಅದರಿಂದ ಮಾಡಬೇಕು ಎಂಬುದು ನನ್ನ ಆರು ವರ್ಷದ ಗೀಳು. ಜಪಾನಿನ ಕನಜಾವಾ ಎಂಬ ಊರಿನ ಪ್ರಯೋಗಾಲಯವೊಂದು ಐದು ವಾರ ಬಂದು ಕೆಲಸ ಮಾಡಿ ಎಂದು ಕರೆದಿತ್ತು. ಹೊರಡುವ ಮುಂಚೆ ನಾನು ಕಳುಹಿಸಿದ ವರದಿಯ ಕೊನೆಯಲ್ಲಿ ಹೆಮ್ಮೆಯ ಒಂದು ಸಾಲಿತ್ತು: ಒಬ್ಬ ಮಹಿಳೆ ಈ ಮೆತ್ತೆಯನ್ನು ಮೂರು ವಾರದಿಂದ ಧರಿಸುತ್ತಿದ್ದಾರೆ, ಯಾವ ತೊಂದರೆಯೂ ಇಲ್ಲ.

ಕನಜಾವಾ, ಮೊದಲ ದಿನ

ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟ ತಕ್ಷಣ ಕೂಗಿಬಿಟ್ಟೆ, ಅದೂ ಕನ್ನಡದಲ್ಲಿ: "ಅಯ್ಯೋ, ಪೈಪು ಒಡದೈತಿ!"

ರಸ್ತೆಯ ನಟ್ಟನಡುವೆ ಸಾಲಾಗಿ ತೂತುಗಳು. ಒಂದೊಂದರಿಂದಲೂ ನೀರು ಗೇಣೆತ್ತರ ಚಿಮ್ಮಿ ಎರಡೂ ಕಡೆ ಹರಿಯುತ್ತಿತ್ತು. ವಾರಕ್ಕೊಮ್ಮೆ ನಳ ಬರುವ ಊರಿನವಳು ನಾನು. ನೀರು ಬಿಡುವ ದಿನ ಮದುವೆಗೂ ಹೋಗದವರು ನಾವು. ಇಲ್ಲಿ ಮೈಲಿಗಟ್ಟಲೆ ರಸ್ತೆಗೆ ನೀರು ಸುರಿಯುತ್ತಿದೆ, ಯಾರೂ ತಿರುಗಿ ಸಹ ನೋಡುತ್ತಿಲ್ಲ. ನನ್ನನ್ನು ಕರೆದೊಯ್ಯಲು ಬಂದಿದ್ದ ಪ್ರಾಧ್ಯಾಪಕಿ ಹಾಯಾಶಿ ಅವರು ವಿವರಿಸಿದರು. ನೆಲದಾಳದ ನೀರು ಹಿಮಕ್ಕಿಂತ ಬೆಚ್ಚಗಿರುತ್ತದಂತೆ. ಹಿಮ ಕರಗಲಿ ಎಂದು ಬೇಕೆಂದೇ ಬಿಡುತ್ತಾರಂತೆ. ಕೇಳುತ್ತಾ ನಿಂತಿದ್ದ ನನ್ನ ಕ್ಯಾನ್ವಾಸ್ ಬೂಟಿನೊಳಗೆ ಅದೇ ನೀರು ನುಗ್ಗಿತು. ಹಾಯಾಶಿಯವರು ತಮ್ಮ ಚೀಲದಿಂದ ಒಂದು ಜೊತೆ ಹೊಸ ಕಾಲುಚೀಲ ತೆಗೆದು ಕೊಟ್ಟರು. ಅತಿಥಿಯ ಕಾಲು ಒದ್ದೆಯಾಗುತ್ತದೆ ಎಂದು ಮನೆಯಿಂದ ಹೊರಡುವಾಗಲೇ ಅವರಿಗೆ ಗೊತ್ತಿತ್ತು. "ನಮ್ಮಲ್ಲಿ ಒಂದು ಮಾತಿದೆ, ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ" ಎಂದು ಕೊಡೆಯೊಂದನ್ನೂ ಕೈಗಿಟ್ಟರು.

ಬಸ್ಸಿನ ಕಿಟಕಿಯಿಂದ ಇನ್ನೊಂದು ಅಚ್ಚರಿ ಕಂಡಿತು. ತೋಟಗಳಲ್ಲಿ ಪೈನ್ ಮರಗಳ ನಡುವೆ ಎತ್ತರದ ಕಂಬ ನೆಟ್ಟು, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹುರಿ ಬಿಗಿದಿದ್ದರು. ಬುಗುರಿಯ ದಾರ ಬಿಡಿಸಿ ಹರಡಿದ ಹಾಗೆ. "ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದಲ್ಲ" ಎಂದರು ಹಾಯಾಶಿ. "ಒಂದು ಸಲದ ಹಿಮಕ್ಕೆ ಮುರಿಯುವುದಿಲ್ಲ. ಬೀಳುತ್ತದೆ, ಕರಗುತ್ತದೆ, ಮತ್ತೆ ಬೀಳುತ್ತದೆ. ಹಾಗೆ ಬಗ್ಗಿ ಬಗ್ಗಿ ಮುರಿಯುತ್ತದೆ." ನಾನು ತಲೆಯಾಡಿಸಿ ಫೋಟೋ ತೆಗೆದೆ. ಆ ಮಾತು ನನಗೇ ಹೇಳಿದ್ದು ಎಂದು ತಿಳಿಯಲು ಇನ್ನೂ ನಾಲ್ಕು ದಿನ ಬೇಕಾಯಿತು.

ಅತಿಥಿಗೃಹ ಸೇರಿದ ಮೇಲೆ ಗಂಗವ್ವನಿಗೆ ಫೋನು ಮಾಡಿದೆ. ವರದಿಯಲ್ಲಿ ಬರೆದ ಆ 'ಒಬ್ಬ ಮಹಿಳೆ' ಅವಳೇ. ಉಪ್ಪಿನಬೆಟಗೇರಿಯ ಸಾಲಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವಳು ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಖಾನಾವಳಿ ನಡೆಸುತ್ತಾಳೆ. ಹೊತ್ತು ಹುಟ್ಟುವುದರೊಳಗೆ ಒಲೆ ಮುಂದೆ ನಿಂತರೆ ಮಧ್ಯಾಹ್ನ ಮೂರರ ತನಕ ಕೂರುವುದಿಲ್ಲ. ಐದು ವರ್ಷದ ಹಿಂದೆ ಬೈರಿದೇವರಕೊಪ್ಪದ ಬಳಿ ಲಾರಿಯೊಂದು ಅವಳ ಸ್ಕೂಟಿಗೆ ತಾಗಿ, ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪ್ಲಾಸ್ಟಿಕ್ ಕಾಲು ಹಾಕಿಕೊಂಡೇ ಮತ್ತೆ ಒಲೆ ಮುಂದೆ ನಿಂತಳು. ನಿಂತು ನಿಂತು ಚರ್ಮ ಉಜ್ಜಿ ಕೆಂಪಾಗುತ್ತಿತ್ತು. ನನ್ನ ಪ್ರಯೋಗಾಲಯಕ್ಕೆ ಬಂದು ಬಿಲ್ಲೆಯನ್ನು ಮುಟ್ಟಿ ನೋಡಿದ ದಿನವೇ, "ಈ ಗಾದಿ ನನಗ ಬೇಕು" ಅಂದಿದ್ದಳು. ಇನ್ನೂ ಪರೀಕ್ಷೆ ಆಗಬೇಕು, ಒಪ್ಪಿಗೆ ಬೇಕು ಎಂದು ನಾನು ಹೇಳಿದರೆ, "ಕಾಲು ನಂದೋ ನಿಂದೋ?" ಎಂದಿದ್ದಳು. ನಾನು ಕೊಟ್ಟೆ. ಯಾರನ್ನೂ ಕೇಳದೆ ಕೊಟ್ಟೆ.

"ಯಾವ ಊರಂದಿ?" ಎಂದಳು ಫೋನಿನಲ್ಲಿ.

"ಕನಜಾವಾ."

"ಕಣಜದ ಊರೇನು? ಹಂಗಾದ್ರ ಉಪವಾಸ ಬೀಳಂಗಿಲ್ಲ ಬಿಡು."

"ಗಾದಿ ಛಲೋ ಐತಿಲ್ಲ?"

"ಐತಿ ಐತಿ. ಫೋನಿಗೆ ರೊಕ್ಕ ಸುಡಬ್ಯಾಡ, ಇಡು."

ನೆಲಮಾಳಿಗೆ

ಪ್ರಯೋಗಾಲಯದ ಯಂತ್ರಗಳನ್ನು ನೋಡಿಕೊಳ್ಳುವವರು ಮೋರಿ-ಸಾನ್; ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಎಪ್ಪತ್ತರ ಹತ್ತಿರದ ವಯಸ್ಸು, ಬೂದು ಬಣ್ಣದ ಅಂಗಿ, ಜೇಬಿನಲ್ಲಿ ಮೂರು ಪೆನ್ಸಿಲ್. ಇಂಗ್ಲಿಷು ನನ್ನಷ್ಟೇ ತಡವರಿಸುತ್ತಿದ್ದುದರಿಂದ ನಮಗಿಬ್ಬರಿಗೂ ಬೇಗ ಹೊಂದಿಕೆಯಾಯಿತು. ಬೆಳಿಗ್ಗೆ ಯಂತ್ರದ ಬಟ್ಟೆ ತೆಗೆಯುವಾಗ ಅದಕ್ಕೆ ಶುಭೋದಯ ಹೇಳುತ್ತಿದ್ದರು. ಸಂಜೆ ಮುಚ್ಚುವಾಗ, "ಒತ್ಸುಕಾರೆಸಾಮಾ" ಎನ್ನುತ್ತಿದ್ದರು. ನೀವು ದಣಿದಿರಿ, ನಿಮ್ಮ ಶ್ರಮಕ್ಕೆ ನಮಸ್ಕಾರ ಎಂಬಂಥ ಅರ್ಥವಂತೆ.

ನಾನು ಉತ್ಸಾಹದಿಂದ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. ನಮ್ಮ ಕಾಲೇಜಿನ ಜವಾನ, ನೂರು ಕಿಲೋಗೆ ಕಡಿಮೆಯಿಲ್ಲದ ಆಳು, ನನ್ನ ಬಿಲ್ಲೆಯ ಮೇಲೆ ಒಂಟಿಗಾಲಿನಲ್ಲಿ ನಿಂತಿದ್ದಾನೆ. ಬಿಲ್ಲೆಗೆ ಒಂದು ಗೀರೂ ಬಿದ್ದಿಲ್ಲ. ಮೋರಿ-ಸಾನ್ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ನೋಡಿದರು.

"ಎಷ್ಟು ಸಲ?" ಎಂದು ಕೇಳಿದರು.

"ಏನು ಎಷ್ಟು ಸಲ?"

"ಇವರು ಎಷ್ಟು ಸಲ ನಿಂತರು?"

"ಒಂದೇ ಸಲ. ಒಡೆಯಲಿಲ್ಲವಲ್ಲ."

ಅವರು ಬಿಲ್ಲೆಯನ್ನು ನೀರಿನ ಬಟ್ಟಲಿನಲ್ಲಿಟ್ಟು ಯಂತ್ರದ ಕೆಳಗೆ ಕೂರಿಸಿದರು. ಗಂಗವ್ವನ ತೂಕ ಕೇಳಿ, ಅವಳು ನಡೆಯುವಾಗ ಆ ಜಾಗಕ್ಕೆ ಬೀಳುವ ಭಾರ ಲೆಕ್ಕ ಹಾಕಿದರು. ಜವಾನನ ಭಾರದ ಮುಂದೆ ಅದು ಏನೇನೂ ಅಲ್ಲ. ಬೆಳಿಗ್ಗೆ ಹತ್ತು ದಾಟಿತ್ತು. ಸೆಕೆಂಡಿಗೊಂದರಂತೆ ಯಂತ್ರದ ಗುಂಡು ತಲೆ ಇಳಿದು ಬಿಲ್ಲೆಯನ್ನು ಒತ್ತಿ ಮೇಲೇಳತೊಡಗಿತು. ಟಕ್. ಟಕ್. ಟಕ್. ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಏರುತ್ತಿತ್ತು.

ಮೂರು ದಿನ ಹೀಗೇ ಓಡಲಿ, ಆಗ ಇವರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಊಟಕ್ಕೆ ಹೋಗಿ ಬಂದೆ. ಕ್ಯಾಂಟೀನಿನ ಸಾರಿನಲ್ಲಿ ಗಡ್ಡೆಯೊಂದರ ಹಿಟ್ಟಿನಿಂದ ಮಾಡಿದ ಕೊನ್ಯಾಕು ಎಂಬ ಬೂದು ಬಣ್ಣದ ತುಂಡು ತೇಲುತ್ತಿತ್ತು. ಹಲ್ಲಿನಲ್ಲಿ ಕಚ್ಚಿದರೆ ಹಲ್ಲನ್ನೇ ಹಿಂದಕ್ಕೆ ತಳ್ಳುತ್ತದೆ. ನನ್ನ ಬಿಲ್ಲೆಯ ಖಾಸಾ ತಮ್ಮ. ನಗುತ್ತಲೇ ತಿಂದೆ.

ಸಂಜೆ ನಾಲ್ಕಕ್ಕೆ ಮೋರಿ-ಸಾನ್ ಕರೆದರು. ಅಂಕಿ ಇಪ್ಪತ್ತು ಸಾವಿರವನ್ನು ಆಗಷ್ಟೇ ದಾಟಿತ್ತು. ಬಿಲ್ಲೆಯ ಅಂಚಿನಿಂದ ನಡುವಿನವರೆಗೆ ಕೂದಲಿನಂಥ ಗೆರೆ. ನಾನು ನೋಡುತ್ತಿದ್ದಂತೆಯೇ ಯಂತ್ರದ ತಲೆ ಮತ್ತೊಮ್ಮೆ ಇಳಿಯಿತು. ಗೆರೆ ಬಾಯಿ ತೆರೆಯಿತು, ತಲೆ ಎದ್ದಾಗ ಮುಚ್ಚಿಕೊಂಡಿತು. ಮತ್ತೆ ತೆರೆಯಿತು. ಹತ್ತು ನಿಮಿಷದಲ್ಲಿ ಬಿಲ್ಲೆ ಹಣ್ಣಿನ ಹೋಳಿನಂತೆ ಎರಡಾಗಿ ನೀರಿನಲ್ಲಿ ಬಿತ್ತು.

ತಪ್ಪು ಎಲ್ಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಜೆಲ್‌ನಲ್ಲಿ ಒಂದರೊಳಗೊಂದು ಎರಡು ಬಲೆಗಳಿವೆ. ಒಂದು ಬಿರುಸು, ಇನ್ನೊಂದು ಮೆತ್ತಗೆ. ಪೆಟ್ಟು ಬಿದ್ದಾಗ ಬಿರುಸು ಬಲೆಯ ಗಂಟುಗಳು ತಾವು ಮುರಿದು ಮೆತ್ತನೆಯದನ್ನು ಉಳಿಸುತ್ತವೆ. ಅದಕ್ಕೇ ಅದು ಜವಾನನನ್ನು ಹೊತ್ತಿತು. ಆದರೆ ಮುರಿದ ಗಂಟು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಪ್ರತಿ ಹೆಜ್ಜೆಗೂ ನಾಲ್ಕಾರು ಗಂಟು ಹೋಗುತ್ತಲೇ ಇರುತ್ತವೆ, ಒಂದು ದಿನ ಉಳಿಸುವವರೇ ಉಳಿದಿರುವುದಿಲ್ಲ. ಪುಸ್ತಕದಲ್ಲಿ ಇದನ್ನು ದಣಿವು ಎಂದೇ ಕರೆಯುತ್ತಾರೆ. ನಾನೇ ತರಗತಿಯಲ್ಲಿ ಕಲಿಸಿದ್ದೇನೆ, ಲೋಹದ ವಿಷಯದಲ್ಲಿ.

ಇಪ್ಪತ್ತು ಸಾವಿರ. ಗಂಗವ್ವ ದಿನಕ್ಕೆ ಆ ಕಾಲಿನಲ್ಲಿ ಸಾವಿರದೈನೂರು ಹೆಜ್ಜೆ ಇಟ್ಟರೂ ಎರಡು ವಾರ. ಅವಳಿಗೆ ನಾನು ಮೆತ್ತೆ ಕೊಟ್ಟು ಇಪ್ಪತ್ತೈದು ದಿನವಾಗಿತ್ತು. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಅದು ನನಗೆ ಗೊತ್ತಿತ್ತು.

ಕಟ್ಟಡದ ಮೆಟ್ಟಿಲು

ಕೋಟು ಹಾಕಿಕೊಳ್ಳದೆ ಹೊರಗೆ ಓಡಿದೆ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಒಂದರ ಹತ್ತಿರ, ಊಟದ ಗದ್ದಲದ ಹೊತ್ತು. ಆ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

"ಗಂಗಾ, ಕಾಲು ಬಿಚ್ಚು."

"ಏನಂದಿ?"

"ಆ ಗಾದಿ ತಗಿ. ಈಗಿಂದೀಗ ತಗಿ."

"ತಲಿ ಗಿಲಿ ಕೆಟ್ಟೈತೇನು ನಿಂದು? ಊಟಕ್ಕ ಮೂವತ್ತು ಮಂದಿ ಕುಂತಾರ, ಕಾಲು ಬಿಚ್ಚಂತ ಕಾಲು!"

"ಅದು ಒಡೀತೈತಿ, ಗಂಗಾ. ಇಲ್ಲಿ ನನ್ನ ಕಣ್ಣಮುಂದ ಒಡದು ಎರಡಾತು."

ರೊಟ್ಟಿಯ ಸಪ್ಪಳ ನಿಂತಿತು. ಯಾರಿಗೋ "ಒಲಿ ಸಣ್ಣ ಮಾಡ್ರಿ" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಒಡದು ಹನ್ನೆರಡು ದಿನ ಆತವಾ."

ಹಿಮ ಬೀಳುತ್ತಿತ್ತು. ನನ್ನ ಕಿವಿಗೆ ಬಿದ್ದದ್ದು ಸರಿಯೋ ತಪ್ಪೋ ಎಂದು ಮತ್ತೊಮ್ಮೆ ಕೇಳಿದೆ. ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು.

"ಹನ್ನೆರಡು ದಿನ? ನಾ ಹೊರಡೂಕಿಂತ ಮೊದಲ? ಯಾಕ ಹೇಳಲಿಲ್ಲ ನೀ?"

"ಹೆಂಗ ಹೇಳ್ಲಿ? ಬಂದಾಗೊಮ್ಮೆ, ಫೋನ್ ಮಾಡಿದಾಗೊಮ್ಮೆ, ಛಲೋ ಐತಿಲ್ಲ, ಛಲೋ ಐತಿಲ್ಲ ಅಂತಿದ್ದಿ. ಹೆಂಗೈತಿ ಅಂತ ಒಂದ ಸಲ ಕೇಳಿದ್ಯೇನು? ವಿಮಾನ ಹತ್ತಾಕಿಗೆ ಹೋಗಿ, ನಿನ್ನ ಗಾದಿ ಹರದೈತಿ ಅಂತ ಹೇಳ್ಲಾ?"

"ಈಗ ಏನು ಮಾಡಾಕತ್ತಿ?"

"ಸೊಳ್ಳಿ ಪರದಿ ಹರದು ಬಿಗಿಯಾಗಿ ಸುತ್ತೇನಿ. ನಡೀತೈತಿ."

"ಚರ್ಮ ಹೆಂಗೈತಿ?"

"ಒಂದೀಟು ಕಿತ್ತೈತಿ. ರೂಪಾಯಿ ಅಗಲ. ನೀರು ಸೋರತೈತಿ. ನೋವು ಏನಿಲ್ಲ."

ನೋವಿಲ್ಲ ಎಂಬ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಸಕ್ಕರೆ ಕಾಯಿಲೆಯವರಿಗೆ ನೋವು ಗೊತ್ತಾಗುವುದಿಲ್ಲ. ಗಾಯ ಒಳಗೊಳಗೇ ಏರುತ್ತದೆ. ಮೊಣಕಾಲು ಉಳಿದಿದ್ದರಿಂದಲೇ ಅವಳು ನಿಲ್ಲುತ್ತಿದ್ದಳು. ಅದೂ ಹೋದರೆ?

ನಮ್ಮ ಮನೆಯವರಿಗೆ ಫೋನು ಮಾಡಿ ಅಳುತ್ತಾ ಏನೇನೋ ಹೇಳಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ನೀ ಅಳಬ್ಯಾಡ. ನಾ ಗಾಡಿ ತಗೊಂಡು ಹೊಂಟೆ. ದವಾಖಾನಿಗೆ ಹೋಗಿ ಫೋನ್ ಮಾಡತೇನಿ" ಎಂದು ಇಟ್ಟರು.

ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತೆನೋ. ಗುರುತಿಲ್ಲದ ಒಬ್ಬ ಹೆಂಗಸು ಹಾದುಹೋಗುತ್ತಾ ನನ್ನನ್ನು ಕಂಡಳು. ಏನಾಯಿತು ಎಂದು ಕೇಳಲಿಲ್ಲ. ತನ್ನ ಕೊಡೆಯನ್ನು ಬಿಚ್ಚಿ ನನ್ನ ತಲೆಯ ಮೇಲೆ ಬರುವಂತೆ ಮೆಟ್ಟಿಲಿಗೆ ಒರಗಿಸಿಟ್ಟು, ತಾನು ತಲೆಗೆ ಸ್ಕಾರ್ಫು ಎಳೆದುಕೊಂಡು ಹಿಮದಲ್ಲೇ ನಡೆದುಹೋದಳು. ನಮ್ಮ ಕಡೆ ಆಗಿದ್ದರೆ ಇಷ್ಟೊತ್ತಿಗೆ ಹತ್ತು ಮಂದಿ ಸೇರಿ ಯಾಕವಾ, ಏನಾತವಾ ಎಂದು ಕೇಳಿ, ನೀರು ಕುಡಿಸಿ, ಊರು ಕೇರಿ ವಿಚಾರಿಸುತ್ತಿದ್ದರು. ಆವತ್ತು ಯಾರೂ ಕೇಳದಿದ್ದದ್ದೇ ಪುಣ್ಯ. ಕೇಳಿದ್ದರೆ ಏನೆಂದು ಹೇಳುತ್ತಿದ್ದೆ?

ಎರಡು ತಾಸಿನ ಮೇಲೆ ಮನೆಯವರ ಫೋನು ಬಂತು. ಗಾಯ ಇನ್ನೂ ಮೂಳೆಗೆ ಮುಟ್ಟಿಲ್ಲ. ಇನ್ನೊಂದು ವಾರ ಹೋಗಿದ್ದರೆ ಮೊಣಕಾಲಿನ ಮಾತು ಬರುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಎರಡು ತಿಂಗಳು ಕಾಲು ಹಾಕುವ ಹಾಗಿಲ್ಲ.

ಸಭಾಕೊಠಡಿ

ಶುಕ್ರವಾರ ನಾನು ನನ್ನ ಕೆಲಸದ ಬಗ್ಗೆ ಎಲ್ಲರೆದುರು ಮಾತನಾಡಬೇಕಿತ್ತು. ನನ್ನ ಹದಿನೆಂಟು ಚಿತ್ರಗಳಲ್ಲಿ ಕೊನೆಯದು ಗಂಗವ್ವನದು. ಒಲೆ ಮುಂದೆ ನಿಂತು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಕೆಳಗೆ, 'ತೊಂದರೆ ಇಲ್ಲ.' ಆ ಚಿತ್ರವನ್ನು ತೆಗೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎರಡು ಸಲ ತೆಗೆದೆ, ಎರಡು ಸಲ ಮತ್ತೆ ಸೇರಿಸಿದೆ.

ಕೊನೆಗೆ ಅದನ್ನೇ ಮೊದಲು ತೋರಿಸಿದೆ. "ನಾನು ಬರೆದದ್ದು ಸುಳ್ಳು" ಎಂದೆ. ಮೆತ್ತೆ ಒಡೆದದ್ದು, ನೆಟ್ಟಗೆ ಕೇಳದಿದ್ದದ್ದು, ಗಾಯ, ಎಲ್ಲ ಹೇಳಿದೆ.

ಕೋಣೆಯಲ್ಲಿ ಹದಿನೈದು ಜನ. ಒಬ್ಬರೂ ಮಾತಾಡಲಿಲ್ಲ. ಜಪಾನಿನ ಮೌನ ನಮ್ಮ ಮೌನದ ಹಾಗಲ್ಲ. ನಮ್ಮಲ್ಲಿ ಸುಮ್ಮನಿದ್ದವರ ಮುಖದಲ್ಲಾದರೂ ಸಿಟ್ಟೋ ಕನಿಕರವೋ ಓಡಾಡುತ್ತದೆ. ಇಲ್ಲಿ ಎಲ್ಲರೂ ಮೇಜು ನೋಡುತ್ತಿದ್ದರು.

ಹಾಯಾಶಿಯವರು ಕೇಳಿದರು, "ಅವರಿಗೆ ಕೊಡಲು ಯಾರು ಅನುಮತಿ ಕೊಟ್ಟರು?"

"ಯಾರೂ ಇಲ್ಲ. ಅವಳು ನನ್ನ ಗೆಳತಿ. ಅವಳೇ ಕೇಳಿದಳು."

"ಗೆಳತಿ ಆದ್ದರಿಂದಲೇ ಅವರು ನಿಮಗೆ ಸತ್ಯ ಹೇಳಲಾಗಲಿಲ್ಲ" ಎಂದರು. ದನಿಯಲ್ಲಿ ಗಡಸಿರಲಿಲ್ಲ. "ನಾನು ನಿಮ್ಮ ಕಾಲೇಜಿಗೆ ಪತ್ರ ಬರೆಯಬೇಕಾಗುತ್ತದೆ. ನಿಮಗೆ ಮೊದಲೇ ತಿಳಿಸುತ್ತಿದ್ದೇನೆ."

ಒದ್ದೆ ಕಾಲಿಗೆ ಕಾಲುಚೀಲ ಕೊಟ್ಟ ಅದೇ ಹೆಂಗಸು! ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸಂಜೆಯೇ ಪತ್ರದ ಕರಡು ತಂದು, "ತಪ್ಪೇನಾದರೂ ಇದ್ದರೆ ತಿದ್ದಿ" ಎಂದು ನನ್ನ ಕೈಗೇ ಕೊಟ್ಟರು. ಓದಿದೆ. ಒಂದಕ್ಷರವೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ. ಗಂಗವ್ವನ ವಯಸ್ಸು ತಪ್ಪಾಗಿತ್ತು, ತಿದ್ದಿದೆ. ಮರುದಿನ ಊರಿಗೆ ಹೋಗಬೇಕೋ ಎಂದು ಕೇಳಿದರೆ ಅವರಿಗೇ ಆಶ್ಚರ್ಯ. "ಯಾಕೆ? ಸೋಮವಾರ ಮೋರಿ-ಸಾನ್ ನಿಮಗಾಗಿ ಯಂತ್ರ ಕಾದಿರಿಸಿದ್ದಾರೆ."

ಸೂಜಿಗಳ ಗುಡಿ

ಫೆಬ್ರವರಿಯ ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ಮೋರಿ-ಸಾನ್ ನನ್ನನ್ನು ಊರಂಚಿನ ಸಣ್ಣ ಗುಡಿಯೊಂದಕ್ಕೆ ಕರೆದೊಯ್ದರು. ಅವರ ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದವರಂತೆ. ಆ ದಿನ ಹೊಲಿಗೆಯವರೆಲ್ಲ ವರ್ಷವಿಡೀ ಮುರಿದ, ಬಾಗಿದ, ತುಕ್ಕು ಹಿಡಿದ ಸೂಜಿಗಳನ್ನು ಪೊಟ್ಟಣ ಕಟ್ಟಿ ತರುತ್ತಾರೆ. ದೇವರ ಮುಂದೆ ಹಾಸಿಗೆ ದಿಂಬಿನಷ್ಟು ದೊಡ್ಡ ತೋಫು, ನಮ್ಮ ಪನೀರಿನಂಥ ಸೋಯಾ ಗಟ್ಟಿ. ಒಬ್ಬೊಬ್ಬರೇ ಬಂದು ಸೂಜಿಯನ್ನು ಅದರಲ್ಲಿ ಚುಚ್ಚಿ, ಕೈಮುಗಿದು ಹೋಗುತ್ತಿದ್ದರು.

"ವರ್ಷವೆಲ್ಲ ಗಟ್ಟಿ ಬಟ್ಟೆಯಲ್ಲಿ ದುಡಿದಿವೆ" ಎಂದರು ಮೋರಿ-ಸಾನ್. "ಕೊನೆಗೆ ಮೆತ್ತಗಿರುವುದರಲ್ಲಿ ಮಲಗಲಿ ಅಂತ."

ನಾನು ಬೆಪ್ಪಾಗಿ ನಿಂತೆ. ಮಹಾನವಮಿಯಲ್ಲಿ ನಾವೂ ನೇಗಿಲ ಕುಡ, ಕುಡಗೋಲು, ಮೋಟರ್ ಸೈಕಲ್ಲಿಗೆ ಪೂಜೆ ಮಾಡುತ್ತೇವೆ. ಮುರಿದದ್ದಕ್ಕೆ ಮಾಡುವುದಿಲ್ಲ. ಮುರಿದದ್ದು ಗುಜರಿಯವನಿಗೆ. ನನ್ನ ಪ್ರಯೋಗಾಲಯದಲ್ಲೂ ಅಷ್ಟೇ. ಒಡೆದ ಬಿಲ್ಲೆಗಳನ್ನು ಆರು ವರ್ಷದಿಂದ ಸಿಂಕಿನ ಪಕ್ಕದ ಬಕೆಟ್ಟಿಗೆ ಹಾಕುತ್ತಾ ಬಂದಿದ್ದೆ. ಒಡೆಯದ ಒಂದನ್ನು ಮಾತ್ರ ಫೋಟೋ ತೆಗೆದಿದ್ದೆ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ಪೊಟ್ಟಣದಿಂದ ಒಂದು ಬಾಗಿದ ಸೂಜಿ ತೆಗೆದು ನನಗೆ ಕೊಟ್ಟು, ಚುಚ್ಚು ಎಂದು ಸನ್ನೆ ಮಾಡಿದರು. ಚುಚ್ಚಿದೆ. ತೋಫು ಸ್ವಲ್ಪವೂ ಎದುರಾಡಲಿಲ್ಲ.

ಹಿಂದಿರುಗುವಾಗ ಮೋರಿ-ಸಾನ್ ಕೇಳಿದರು, "ನಿಮ್ಮ ಗೆಳತಿ ಆ ಮೆತ್ತೆಯನ್ನು ಎಸೆದಿದ್ದಾರೆಯೇ?"

ನೆಲಮಾಳಿಗೆ, ಮತ್ತೆ

ಎಸೆದಿರಲಿಲ್ಲ. ಆದರೆ ಕಳಿಸಲು ಸುಲಭಕ್ಕೆ ಒಪ್ಪಲೂ ಇಲ್ಲ.

"ನನ್ನ ಕೀವು ನೆತ್ತರ ಹತ್ತಿದ್ದು ಅದು. ಮಂದಿ ಮುಂದ ಹರವತೀಯೇನು?" ಎಂದಳು.

"ಬಿಸಿನೀರಾಗ ತೊಳದು ಕೊಡು. ಕಳಿಸಬ್ಯಾಡ ಅಂದ್ರ ಬ್ಯಾಡ. ಈ ಸಲ ನೀ ಹೇಳಿದಂಗ."

ಒಂದು ದಿನ ಬಿಟ್ಟು ಅವಳೇ ಫೋನು ಮಾಡಿದಳು. "ಕಳಸ್ತೇನಿ. ಆದರ ನಾ ಹೇಳೂದ ಅವರು ಓದಬೇಕು. ಬರದು ಇಡತೇನಿ."

ಒಂಬತ್ತು ದಿನಕ್ಕೆ ಪಾರ್ಸೆಲ್ ಬಂತು. ರೊಟ್ಟಿ ಕಟ್ಟುವ ಪ್ಲಾಸ್ಟಿಕ್ ಚೀಲ ಮೂರು ಪದರ, ಒಳಗೆ ಒದ್ದೆ ಅರಿವೆ, ಅದರೊಳಗೆ ಹಳದಿಗಟ್ಟಿದ ನನ್ನ ಮೆತ್ತೆ, ಸುತ್ತಿದ್ದ ಸೊಳ್ಳೆ ಪರದೆ ಸಮೇತ. ಜೊತೆಗೆ ರೂಲು ಹಾಕಿದ ಹಾಳೆಯಲ್ಲಿ ಅವಳ ಉರುಟು ಅಕ್ಷರ: 'ಮೊದಲ ಎಡಗಡೆ ಅಂಚಿಗೆ ಒಡೀತು, ಎಲುಬು ಒತ್ತೋ ಕಡೆ. ಮುಂಜಾನಿ ಮೆತ್ತಗ ಇರತಿತ್ತು. ಒಲಿ ಮುಂದ ನಿಂತು ಹನ್ನೆರಡರ ಮ್ಯಾಲ ಬಿರುಸಾಗತಿತ್ತು, ಒಣಗಿದ ಹಿಟ್ಟಿನಂಗ. ಆವಾಗ ಕುಟಕತಿತ್ತು. ನೀರು ಚಿಮುಕಿಸಿದರ ತಾಸು ಆರಾಮ.'

ನಾನು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. 'ಒಲೆ' ಎಂದಾಗ ಹಾಯಾಶಿ ಮತ್ತು ಮೋರಿ-ಸಾನ್ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಯಂತ್ರಗಳಲ್ಲಿ ಬಿಲ್ಲೆ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ. ಹಿಮದ ಊರಿನಲ್ಲಿ ಯಾರಿಗೂ ರೊಟ್ಟಿಯ ಹಂಚಿನ ಝಳ ನೆನಪಾಗಿರಲಿಲ್ಲ. ಒಣಗಿದ ಜೆಲ್ ನೆನೆದ ಜೆಲ್‌ಗಿಂತ ಬೇಗ ಸೀಳುತ್ತದೆ. ಗೊತ್ತಿದ್ದದ್ದೇ. ಆದರೆ ಕೇಳಿದವರಿರಲಿಲ್ಲ. ಧಾರವಾಡದಿಂದ ಹೋದ ನನಗೂ ಹೊಳೆದಿರಲಿಲ್ಲ, ಅದು ನನ್ನನ್ನು ಹೆಚ್ಚು ಕುಟುಕಿತು. ಎಷ್ಟು ಸಲ ಆ ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ ತಿಂದಿಲ್ಲ ನಾನು!

ಸೂಕ್ಷ್ಮದರ್ಶಕದಲ್ಲಿ ಇನ್ನೊಂದು ಕಂಡಿತು. ಸೊಳ್ಳೆ ಪರದೆ ಬಿಗಿಯಾಗಿ ಒತ್ತಿದ್ದ ಕಡೆ ಬಿರುಕು ಅದರ ಎಳೆಗೆ ಬಂದು ನಿಂತಿತ್ತು. ಮೋರಿ-ಸಾನ್ ಒಂದು ಖಾನೆ ಎಳೆದರು. ಅದರಲ್ಲಿ ವರ್ಷಗಳ ಹಿಂದೆ ಅವರೇ ಬಟ್ಟೆಯ ಬಲೆ ಒಳಗಿಟ್ಟು ಎರೆದ ಬಿಲ್ಲೆಗಳು, ಎಲ್ಲ ಒಡೆದವು, ಪ್ರತಿಯೊಂದಕ್ಕೂ ಚೀಟಿ. ಪರದೆಯ ಮಡಿಕೆಯೇ ಅವಳ ಚರ್ಮವನ್ನು ಕಿತ್ತದ್ದು ಎಂಬುದೂ ಸ್ಪಷ್ಟವಿತ್ತು. ಬಿರುಕು ತಡೆದ ಬಟ್ಟೆಯೇ ಗಾಯ ಮಾಡಿತ್ತು.

ಉಳಿದ ದಿನಗಳಲ್ಲಿ ಅವರು ನನಗೆ ಬೇರೊಂದು ಜೆಲ್ ಕಲಿಸಿದರು. ಅದರಲ್ಲಿ ಮುರಿಯಲೆಂದೇ ಇಟ್ಟ ಗಂಟುಗಳಿಲ್ಲ. ಎರೆದ ಜೆಲ್ಲನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಕೊನೆಗೆ ನೀರಿನೊಳಗೆ ಯಂತ್ರಕ್ಕೆ ಕಟ್ಟಿ ಸಾವಿರ ಸಲ ಮೆಲ್ಲಗೆ ಎಳೆಯುತ್ತಾರೆ. ಎಳೆದಷ್ಟೂ ಅಡ್ಡಾದಿಡ್ಡಿ ಎಳೆಗಳು ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಗರಡಿಯ ಹುಡುಗರ ಮೈ ಹುರಿಗಟ್ಟಿದ ಹಾಗೆ. ನಾನು ನಂಬಲಿಲ್ಲ. ದಣಿಸಿದರೆ ಸಾಯುವ ವಸ್ತುವನ್ನೇ ಆರು ವರ್ಷ ನೋಡಿದವಳು ನಾನು. ದಣಿಸಿದರೆ ಗಟ್ಟಿಯಾಗುವುದು ಇದೆಯೆಂದರೆ ಹೇಗೆ ನಂಬಲಿ? ಯಂತ್ರಕ್ಕೆ ಹಾಕಿದರು. ಇಪ್ಪತ್ತು ಸಾವಿರ ದಾಟಿತು, ಲಕ್ಷ ದಾಟಿತು. ನಾನು ಹೊರಡುವ ದಿನವೂ ಟಕ್ ಟಕ್ ನಡೆದೇ ಇತ್ತು. ನೀರಿನೊಳಗೆ ಮಾತ್ರ. ಹಂಚಿನ ಝಳದ ಪರೀಕ್ಷೆ ಇನ್ನೂ ಆಗಬೇಕಿತ್ತು.

ಉಣಕಲ್

ವಿಮಾನ ಇಳಿದು ಮನೆಗೂ ಹೋಗದೆ ನೇರ ಖಾನಾವಳಿಗೆ ಹೋದೆ. ಗಂಗವ್ವ ಎತ್ತರದ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪ್ಲಾಸ್ಟಿಕ್ ಕಾಲು ಗೋಡೆಗೆ ಒರಗಿತ್ತು. ನನ್ನನ್ನು ನೋಡಿ, "ಬಾ, ಕುಂದ್ರು. ಉಂಡೇನು?" ಎಂದಳು. ಅಷ್ಟೇ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, "ಮೊದಲ ಊಟ" ಎಂದು ತಾಟು ಮುಂದಿಟ್ಟಳು.

ಹಾಯಾಶಿಯವರ ಪತ್ರ ನನಗಿಂತ ಮೊದಲೇ ಬಂದಿತ್ತು. ಕಾಲೇಜಿನವರು ನನ್ನ ಮೆತ್ತೆಯ ಕೆಲಸವನ್ನು ನಾಲ್ಕು ತಿಂಗಳು ನಿಲ್ಲಿಸಿದರು. ಒಪ್ಪಿಗೆಯ ಸಮಿತಿ, ಡಾಕ್ಟರು, ಅರ್ಜಿ ಎಲ್ಲ ಕ್ರಮಪ್ರಕಾರ ಆಯಿತು. ಅಷ್ಟರಲ್ಲಿ ಗಂಗವ್ವನ ಗಾಯ ಮಾಯಿತು. ಮೊಣಕಾಲು ಉಳಿಯಿತು. ಅವಳು ನನ್ನ ಮೆತ್ತೆಯಿಲ್ಲದೆ, ಮೃದುವಾದ ಹಳೆಯ ಬಟ್ಟೆ ಸುತ್ತಿ ಅದೇ ಪ್ಲಾಸ್ಟಿಕ್ ಕಾಲನ್ನು ಮತ್ತೆ ಹಾಕಿಕೊಂಡಳು.

ಹೊಸ ಜೆಲ್ ಎರೆದು ತೋರಿಸಲು ಹೋದ ದಿನ ಅವಳು ಅದನ್ನು ಮುಟ್ಟಲಿಲ್ಲ.

"ಯಾರ ಕಾಲಿಗಾದ್ರೂ ಹಾಕೂಕಿಂತ ಮೊದಲ ನೀ ಹಾಕ್ಕೊ" ಎಂದಳು. "ನಿನ್ನ ಬೂಟಿನ್ಯಾಗ ಹಿಮ್ಮಡಿ ಕೆಳಗ ಇಟಗೊಂಡು ಈ ಒಲಿ ಮುಂದ ನಿಂದ್ರು. ನಿಂತು ನೋಡು."

ಸಮಿತಿಯವರಿಗೆ ಹೇಳಿದೆ. ಸ್ವಂತ ಹಿಮ್ಮಡಿಗಾದರೆ ಆಗಬಹುದು ಎಂದರು. ಹೀಗೆ ಭಾನುವಾರಗಳು ಶುರುವಾದವು. ಬೆಳಿಗ್ಗೆ ಎಂಟಕ್ಕೆ ಹೋಗಿ, ಬೂಟಿನಲ್ಲಿ ಬಿಲ್ಲೆ ಇಟ್ಟುಕೊಂಡು, ಮೂರರವರೆಗೆ ಅವಳ ಪಕ್ಕ ನಿಲ್ಲುತ್ತಿದ್ದೆ. ನನ್ನ ರೊಟ್ಟಿಗಳು ಜಪಾನಿನ ನಕ್ಷೆಯ ಹಾಗೆ ಹರಿದು ಬರುತ್ತಿದ್ದವು. ಅವನ್ನು ಅವಳು ಗಿರಾಕಿಗಳಿಗೆ ಬಡಿಸುತ್ತಿರಲಿಲ್ಲ, ನನಗೇ ಬಡಿಸುತ್ತಿದ್ದಳು.

ನಾಲ್ಕನೆಯ ಭಾನುವಾರ. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಪಡಸಾಲೆ ತುಂಬ ಜನ. ಹಂಚಿನ ಝಳಕ್ಕೆ ನನ್ನ ಮುಖ ಉರಿಯುತ್ತಿತ್ತು. ಹಿಮ್ಮಡಿಯ ಕೆಳಗೆ ಏನೋ ಸಣ್ಣಗೆ ಸರಿದಂತಾಯಿತು. ಮತ್ತೊಂದು ಹೆಜ್ಜೆ ಇಟ್ಟೆ. ಈಗ ಸ್ಪಷ್ಟವಾಗಿ ಒಂದು ಅಂಚು ಚರ್ಮಕ್ಕೆ ತಾಗಿತು. ಲಕ್ಷ ದಾಟಿದ ಜೆಲ್. ಇಷ್ಟು ಜನರ ನಡುವೆ, ಅವಳು ಇಷ್ಟು ದಿನ ಕಾದ ಮೇಲೆ, ಹೇಗೆ ಹೇಳಲಿ ಎಂದು ನಾನು ಭಾರವನ್ನು ಇನ್ನೊಂದು ಕಾಲಿಗೆ ಹಾಕಿ ರೊಟ್ಟಿ ಬಡಿಯುತ್ತಲೇ ಇದ್ದೆ.

"ಯಾಕ ಕಾಲು ಎತ್ತಾಕತ್ತಿ?" ಎಂದಳು ಗಂಗವ್ವ, ನನ್ನ ಕಡೆ ತಿರುಗದೆಯೇ.

"ಒಡೀತು, ಗಂಗಾ."

ಅವಳು ಎರಡೂ ಒಲೆ ಆರಿಸಿದಳು. "ಎರಡು ನಿಮಿಷ ತಡೀರಿ, ರೊಟ್ಟಿ ಬರತಾವು" ಎಂದು ಪಡಸಾಲೆಯವರಿಗೆ ಕೂಗಿ ಹೇಳಿದಳು. ತನ್ನ ಸ್ಟೂಲನ್ನು ನನ್ನ ಹಿಂದೆ ಎಳೆದು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ನನ್ನ ಮುಂದೆ ನೆಲಕ್ಕೆ ಕಷ್ಟಪಟ್ಟು ಕೂತಳು.

"ಬೂಟು ತಗಿ. ಎಲ್ಲಿ, ಕಾಲು ಕೊಡು ಇಲ್ಲಿ."